ಬರಬ್ಬನನ್ನು ಬಿಡಿಸಿದ ಲಗಮವ್ವ

ಗಂಡ ತೀರಿಕೊಂಡ ಮೇಲೆ ಲಗಮವ್ವ ಯರಗಟ್ಟಿಯ ಬಸ್ ನಿಲ್ದಾಣದಲ್ಲಿ ಶೇಂಗಾ ಮಾರಿ ಮಗಳು ಕೃಷ್ಣವ್ವನನ್ನು ಬೆಳೆಸಿದಳು. ಅವಳು ಕೂಗಿದರೆ ಹೊರಟ ಬೆಳಗಾವಿ ಬಸ್ಸೂ ನಿಲ್ಲುತ್ತಿತ್ತು. ಎಪ್ಪತ್ತನಾಲ್ಕರ ಶುಭ ಶುಕ್ರವಾರ ನಮ್ಮ ಚರ್ಚಿನಲ್ಲಿ ಯೇಸುವಿನ ವಿಚಾರಣೆಯನ್ನು ಅಭಿನಯಿಸಿ ತೋರಿಸುವುದೆಂದಾಗ, ಜನರ ಕೂಗನ್ನು ಎತ್ತಿಕೊಡುವ ಕೆಲಸ ಅವಳಿಗೇ ಬಂತು. ಅವಳು ಮೊದಲು ಕೂಗಬೇಕು, ನಾವು ಹಿಂದೆ ಕೂಗಬೇಕು.

ಯೇಸುವಾಗಿ ಫಾದರ್ ನಿಂತರು. ತೀರ್ಪು ಕೊಡುವ, ಹಬ್ಬಕ್ಕೆ ಜನ ಕೇಳಿದ ಒಬ್ಬ ಕೈದಿಯನ್ನು ಬಿಡುವ ಅಧಿಕಾರಿ ಪಿಲಾತ ಬಸವಣ್ಣೆಪ್ಪ ಮಾಸ್ತರರು. ಮೀಸೆ ದಪ್ಪಗಿದೆಯೆಂದು ದರೋಡೆಗಾರ ಬರಬ್ಬನ ಪಾತ್ರ ದೊಡವಾಡದ ಜಟ್ಟೆಪ್ಪನಿಗೆ ಸಿಕ್ಕಿತ್ತು. ತೊಡಕು ಅಲ್ಲೇ. ಜಟ್ಟೆಪ್ಪ ಲಗಮವ್ವನ ಅಳಿಯ. ಕ್ರಿಸ್ಮಸ್ ಊಟದಲ್ಲಿ ಹೋಳಿಗೆಗೆ ತುಪ್ಪ ತಡವಾಗಿ ಬಿತ್ತೆಂದು ಮುನಿಸಿಕೊಂಡು, ಕೃಷ್ಣವ್ವನನ್ನು ತವರಿನಲ್ಲೇ ಬಿಟ್ಟು ಹೋದವನು ತಿರುಗಿ ಬಂದಿರಲಿಲ್ಲ. ಹೇಳಿ ಕಳಿಸಿದ ಹಿರಿಯರ ಕೈಗೂ ಸಿಗುತ್ತಿರಲಿಲ್ಲ. ಅತ್ತೆಯಾದವಳು ಅಳಿಯನ ಜತೆ ನೇರ ಮಾತಾಡುವ ಪದ್ಧತಿಯೂ ನಮ್ಮಲ್ಲಿಲ್ಲ.

ಈಗ ಫಾದರ್ ಕರೆದರೆಂದು ಪಾತ್ರಕ್ಕೆ ಬಂದವನು ಎದುರಿಗೇ ಇದ್ದ, ಬಾವಿಯ ಹಗ್ಗದಲ್ಲಿ ಕೈ ಕಟ್ಟಿಸಿಕೊಂಡು.

"ಯಾರನ್ನು ಬಿಡಲಿ? ಬರಬ್ಬನನ್ನೋ, ಯೇಸುವನ್ನೋ?" ಎಂದರು ಮಾಸ್ತರರು.

ಲಗಮವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದಳು. "ಪಿಲಾತ ಸಾಹೇಬ್ರ, ಮದಲ ಬರಬ್ಬನವರನ್ನ ಒಂದ ಮಾತ ಕೇಳ್ರಿ. ಹೇಣ್ತಿನ್ನ ಯಾವಾಗ ಕರ್ಕೊಂಡ ಹೊಕ್ಕಾರಂತ?"

ಮಾಸ್ತರರು ಪುಸ್ತಕ ತಿರುವಿದರು. ಈ ಮಾತು ಅದರಲ್ಲಿರಲಿಲ್ಲ. ಫಾದರ್ ಕಡೆ ನೋಡಿದರು. ಕಥೆಯ ಆ ಭಾಗದಲ್ಲಿ ಯೇಸು ಮಾತಾಡುವುದಿಲ್ಲ. ಫಾದರೂ ಮಾತಾಡಲಿಲ್ಲ.

"ಲಗಮವ್ವಾ, ಪ್ರಾರ್ಥನಿ ನಡದೈತಿ," ಎಂದು ಮಾಸ್ತರರು ಪಿಸುಗುಟ್ಟಿದರು.

"ಅದಕ್ಕ ಕೇಳ್ರಿ ಅನ್ನಾಕತ್ತೇನಿ. ಇಲ್ಲಿ ಸುಳ್ಳ ಹೇಳಾಕ ಬರಂಗಿಲ್ಲ."

ಪಿಲಾತ ಬರಬ್ಬನತ್ತ ತಿರುಗಿದ. "ಏನಪಾ ಜಟ್ಟೆಪ್ಪ?"

"ತುಪ್ಪದ್ದೇನಂತಾರ ಕೇಳ್ರಿ ಮದಲ," ಎಂದ ಬರಬ್ಬ.

"ಡಬ್ಬೀನ ತಂದ ಮುಂದ ಇಡ್ತೇನಂತ ಹೇಳ್ರಿ ಅವರಿಗೆ. ಒಲ್ಲೆ ಅಂದ್ರ ಹಂಗ ನಿಂದರ್ಲಿ. ನಾ ಒದರಂಗಿಲ್ಲ."

ಅವಳು ಕೂಗದೆ ಯಾರೂ ಕೂಗುವಂತಿರಲಿಲ್ಲ. ಎಲ್ಲರೂ ಜಟ್ಟೆಪ್ಪನನ್ನೇ ನೋಡಿದರು. ಅವನು ಕಟ್ಟಿದ ಕೈಗಳಿಂದಲೇ ಬೆವರು ಒರೆಸಿಕೊಂಡ. "ಈಸ್ಟರ್ ಊಟಾ ಮುಗಿಸಿ ಕರ್ಕೊಂಡ ಹೊಕ್ಕೇನಿ ಮಾಸ್ತರ್ರ. ಹಗ್ಗಾ ಬಿಚ್ಚರಿ."

"ಬರಬ್ಬನ್ನ ಬಿಡ್ರೀ!"

ಹಂಚಿನ ಮೇಲಿನ ಪಾರಿವಾಳಗಳು ಎದ್ದು ಹಾರಿದವು. ಇಡೀ ಚರ್ಚು ಕೂಗಿತು. ಕೃಷ್ಣವ್ವನೂ ಕೂಗಿದಳು.

"ಹಾಗಾದರೆ ಯೇಸುವನ್ನು ಏನು ಮಾಡಲಿ?" ಎಂದರು ಮಾಸ್ತರರು.

ಇದನ್ನೂ ಲಗಮವ್ವನೇ ಎತ್ತಿಕೊಡಬೇಕಿತ್ತು. ನಾನು ಪಕ್ಕದಲ್ಲೇ ಇದ್ದೆ. ಅವಳ ಬಾಯಿ ತೆರೆದಿತ್ತು, ದನಿ ಹೊರಡಲಿಲ್ಲ. ಕಣ್ಣು ಫಾದರ್ ಮೇಲಿತ್ತು. ಕೊನೆಗೆ ಮಾಸ್ತರರೇ ಶಿಲುಬೆಗೇರಿಸಿ ಎಂದು ಜನರ ಪರವಾಗಿ ಕೂಗಿ, ಪಿಲಾತನಾಗಿ ತಾವೇ ಅದಕ್ಕೆ ಒಪ್ಪಿದರು.

ಆಮೇಲೆ ಸಾಲಾಗಿ ಹೋಗಿ ಶಿಲುಬೆಗೆ ಮುತ್ತಿಡುವಾಗ ಲಗಮವ್ವ ಅದರ ಬುಡ ಹಿಡಿದು ಕುಳಿತುಬಿಟ್ಟಳು. "ಯಪ್ಪಾ, ಮಗಳ ಬಾಳೇದ ಸಲುವಾಗಿ ನಿನ್ನ ಬಿಟ್ಟಕೊಟ್ಟೆ. ತಪ್ಪ ತಿಳ್ಕೋಬ್ಯಾಡೋ."

ಕೃಷ್ಣವ್ವ ಹಿಂದಿನಿಂದ ಭುಜ ಮುಟ್ಟಿದಳು. "ಸರಿಯಬೇ ಯವ್ವಾ. ನಮ್ಮವರು ಹಿಂದ ನಿಂತಾರ."