ಅತ್ತೆಯ ವಯಸ್ಸು

ಉಮರ್ಗಾದ ಝೆರಾಕ್ಸ್ ಅಂಗಡಿಯಲ್ಲಿ ಇಂದು ಬೆಳಿಗ್ಗೆ ಯಾರದೋ ಕಾರ್ಡಿಗೆ ಲ್ಯಾಮಿನೇಷನ್ ಮಾಡುತ್ತಿದ್ದರು. ಬಿಸಿ ಪ್ಲಾಸ್ಟಿಕ್ಕಿನ ಆ ವಾಸನೆ ನಿಮಗೂ ಗೊತ್ತಿರಬೇಕು. ಎಪ್ಪತ್ತು ದಾಟಿದವರಿಗೆ ಸರಕಾರ ಕೊಡುವ ಆರೋಗ್ಯ ವಿಮೆಯ ಕಾರ್ಡು ಅದು. ನನಗೆ ಸೋದರತ್ತೆ ಕಾಶಮ್ಮ ನೆನಪಾದಳು.

ಮಕ್ಕಳಿಲ್ಲದ ಅತ್ತೆ, ಗಂಡ ತೀರಿದ ಮೇಲೆ ಔರಾದ ಶಹಾಜನಿಯ ನಮ್ಮ ಮನೆಯಲ್ಲೇ ಇದ್ದಳು. ಓಣಿಯ ಅರ್ಜಿಗಳನ್ನೆಲ್ಲ ತುಂಬುವ ಮಾಸ್ತರ ನಾನು; ಅದರ ಜಂಬವೂ ನನಗೆ ಸಾಕಷ್ಟಿತ್ತು. ಊರಿಗೆ ಆಧಾರ್ ಕ್ಯಾಂಪಿನವರು ಬಂದಾಗ ಆಕೆಯನ್ನು ನಾನೇ ಕರೆದೊಯ್ದೆ. ವಯಸ್ಸು ಕೇಳಿದರು.

"ರಜಾಕಾರರ ಗದ್ದಲದಾಗ ನಾ ನಮ್ಮವ್ವನ ಹೊಟ್ಯಾಗಿದ್ದೆರೀ. ನಮ್ಮವ್ವ ಜೋಳದ ಹೊಲದಾಗ..." ಎಂದು ಅತ್ತೆ ಶುರು ಮಾಡಿದಳು.

ಹಿಂದೆ ಸಾಲು ಉದ್ದವಿತ್ತು. "ಕಥಿ ಮನ್ಯಾಗ ಹೇಳ ಅತ್ತಿ" ಎಂದು ತಡೆದು, ಬಾಯಿಗೆ ಬಂದ ಇಸವಿ ಬರೆಸಿದೆ. ರಜಾಕಾರರ ಗದ್ದಲ ನಡೆದದ್ದು ನಲವತ್ತೆಂಟರಲ್ಲಿ; ಕಾಗದದ ಮೇಲೆ ಅತ್ತೆ ಎಂಟು ವರ್ಷ ಚಿಕ್ಕವಳಾದಳು.

ಮುಂದೆ ಆಕೆಗೆ ಹೃದಯದ ಕಾಯಿಲೆ ಬಂತು. ಆಪರೇಷನ್ ಆಗಬೇಕು, ಕಾರ್ಡಿದ್ದರೆ ಖರ್ಚಿಲ್ಲ ಎಂದರು ಡಾಕ್ಟರು. ಕೈಯಿಂದ ಹಾಕಿ ಮಾಡಿಸುವ ಶಕ್ತಿ ನಮಗಿರಲಿಲ್ಲ. ರೇಷನ್ ಕಾರ್ಡಿನ ಮೇಲೆ ಸಿಗುವ ಯೋಜನೆಗೂ ದಾರಿಯಿಲ್ಲ. ತವರಿಗೆ ಬಂದವಳ ಹೆಸರನ್ನು ಅದರಲ್ಲಿ ಸೇರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಉದಗೀರದಲ್ಲಿ ಕಾರ್ಡು ಮಾಡುವ ಹುಡುಗಿ ಕಂಪ್ಯೂಟರ್ ನೋಡಿ, "ಆಜೀ, ಅಜೂನ ಸತ್ತರ ಝಾಲೀ ನಾಹೀತ" ಎಂದಳು ಮರಾಠಿಯಲ್ಲಿ. ಇನ್ನೂ ಎಪ್ಪತ್ತಾಗಿಲ್ಲವಂತೆ. ತಿದ್ದಿಸಲು ಜನನದ ದಾಖಲೆ ಬೇಕು. ಶಾಲೆಯ ಮೆಟ್ಟಿಲು ಹತ್ತದವಳಿಗೆ ಯಾವ ದಾಖಲೆ?

"ಈ ಇಸವಿ ಯಾರು ಬರಸಿದ್ರು?" ಕೇಳಿದಳು ಹುಡುಗಿ. ನಾನು ಅತ್ತೆಯ ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದೆ.

"ಯಾರೋ ಕ್ಯಾಂಪಿನವ್ರು ಬರಕೊಂಡ್ರವ್ವ" ಎಂದಳು ಅತ್ತೆ.

ಬಸ್ಸಿನಲ್ಲಿ ನಾನೇ ಬಾಯಿಬಿಟ್ಟೆ. "ಅತ್ತಿ, ತಪ್ಪು ನಂದು."

"ಗೊತ್ತದ. ಮಂದಿ ಮುಂದ ಅಂದ್ರ ನಾಳಿ ನಿನ್ನ ಕಡಿ ಯಾರು ಬರ್ತಾರ?"

ಗುಳಿಗೆಗಳ ಮೇಲೆ ಏಳು ತಿಂಗಳು ಬದುಕಿದಳು. ಮರಣದ ದಾಖಲೆಗೆ ಹೋದಾಗ ಗುಮಾಸ್ತ ಆಧಾರ್ ನೋಡಿ ಅದೇ ಸುಳ್ಳು ವಯಸ್ಸು ಇಳಿಸಿಕೊಂಡ. ಮಾಹಿತಿ ಸರಿಯಿದೆ ಎಂದು ಕೆಳಗೆ ಸಹಿ ಹಾಕಿದವನೂ ನಾನೇ.

ಇಂದು ಅಂಗಡಿಯ ಮುಂದೆ ನಮ್ಮೂರಿನ ಮುದುಕರೊಬ್ಬರು ಅರ್ಜಿ ಚಾಚಿ, "ಮಾಸ್ತರ, ಇದೊಂದು ತುಂಬಿ ಕೊಡ್ರಿ" ಎಂದರು. ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದೇನೆ ಎಂದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು.