ಅಕ್ಕ ಮುಟ್ಟಿ ನೋಡಿದ ಬಿಸಿ

ನಮ್ಮಕ್ಕನ ಬಲಗೈ ತೋರುಬೆರಳಿನ ತುದಿಯಲ್ಲಿ ಕಡಲೆಬೇಳೆಯಷ್ಟು ಚರ್ಮ ಬೆಳ್ಳಗೆ, ನುಣ್ಣಗೆ ಇತ್ತು. ಒಲೆ ಸುಟ್ಟಿದ್ದಲ್ಲ, ಒಗ್ಗರಣೆ ಸಿಡಿದದ್ದೂ ಅಲ್ಲ. ಸುಟ್ಟಿದ್ದು ಕಂಪ್ಯೂಟರು! ಹೇಳಿದರೆ ಈಗಲೂ ಯಾರೂ ನಂಬುವುದಿಲ್ಲ. ಕಣ್ಣಾರೆ ಕಂಡ ನನಗೇ ನಂಬಲು ಬಹಳ ಕಾಲ ಹಿಡಿಯಿತು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ದೊಡ್ಡಬಳ್ಳಾಪುರದ ಆ ಮನೆಗೆ ಬಂದಾಗ, ಹಿತ್ತಲ ಶೆಡ್ಡಿನಲ್ಲಿ ಪವರ್‌ಲೂಮುಗಳು ಬಡಿದುಕೊಳ್ಳುತ್ತಿದ್ದವು. ಪಕ್ಕದ ಕೋಣೆಯಲ್ಲಿ ಅಕ್ಕ ಕಂಪ್ಯೂಟರಿನ ಮೇಲೆ ಸೀರೆಯ ಅಂಚು, ಸೆರಗಿನ ಚಿತ್ತಾರ ಬರೆಯುತ್ತಿದ್ದಳು. ಹಟ ಹಿಡಿದು ತರಿಸಿಕೊಂಡ ಯಂತ್ರ ಅದು. "ಕೆಟ್ರೆ ಇನ್ನೊಂದು ತರಲ್ಲ. ಅದೇ ರೂಮಲ್ಲಿ ಕಂಡಿಕೆ ಸುತ್ಕೊಂಡು ಕೂತ್ಕೋ" ಎಂದು ಅತ್ತೆ ಮೊದಲೇ ಹೇಳಿದ್ದರು. ಕಂಡಿಕೆ ಎಂದರೆ ಬೆಳಗಿಂದ ಸಂಜೆವರೆಗೆ ಮಗ್ಗಕ್ಕೆ ನೂಲು ಸುತ್ತಿಕೊಡುವ ಕೆಲಸ. ಅಕ್ಕನಿಗೆ ಅದನ್ನು ನೆನೆದರೇ ಉಸಿರು ಕಟ್ಟುತ್ತಿತ್ತು.

ಆ ಯಂತ್ರವೋ ಮಹಾ ಸೋಂಬೇರಿ. ಸೆರಗಿನ ನವಿಲಿಗೆ ಬಣ್ಣ ಬದಲಾಯಿಸಿ, ಕಾಫಿ ಕುಡಿದು ಬಂದರೂ ಪರದೆ ಕದಲುತ್ತಿರಲಿಲ್ಲ. ಕಾದು ಬೇಸತ್ತ ಸೀರೆ ವ್ಯಾಪಾರಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗತೊಡಗಿದ್ದರು.

ಒಂದು ಮಧ್ಯಾಹ್ನ ಮಜ್ಜಿಗೆ ಕೊಡಲು ಹೋದರೆ, ಅಕ್ಕ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಅದರ ಹೊಟ್ಟೆಯೊಳಗೆ ಕೈಯಿಟ್ಟು ಕೂತಿದ್ದಾಳೆ!

"ಅಯ್ಯೋ ಅಕ್ಕಾ, ಏನ್ ಮಾಡ್ತಿದ್ದೀಯಾ?"

"ಸ್ಪೀಡ್ ಜಾಸ್ತಿ ಮಾಡ್ತಿದ್ದೀನಿ. ಮೊದ್ಲು ಆ ಮಜ್ಜಿಗೆ ದೂರ ಇಡು."

ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ತರಿಸಿದ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದಳಂತೆ. ಓವರ್‌ಕ್ಲಾಕಿಂಗ್ ಅಂತ ಅದರ ಹೆಸರು. ಒಳಗಿನ ಹಲಗೆಯ ಮೇಲೆ ಸೂಜಿಯಂಥ ಕಡ್ಡಿಗಳಿಗೆ ಹಾಕಿದ ಪುಟಾಣಿ ಟೋಪಿಯನ್ನು ಪಕ್ಕಕ್ಕೆ ಸರಿಸಿದರೆ, ಪ್ರೊಸೆಸರು ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡುತ್ತದೆ. ಬಿಸಿಯೂ ಏರುತ್ತದೆ. ಅದಕ್ಕೆಂದೇ ದೊಡ್ಡ ಫ್ಯಾನು ತಂದಿಟ್ಟುಕೊಂಡಿದ್ದಳು. ಪ್ರೊಸೆಸರಿನ ಮೇಲೆ ಬಿಳಿ ಪೇಸ್ಟನ್ನು ವೀಳ್ಯದೆಲೆಗೆ ಸುಣ್ಣ ಸವರುವಷ್ಟು ತೆಳ್ಳಗೆ ಸವರಿದಳು.

"ಕರೆಂಟ್ ಜಾಸ್ತಿ ಕೊಟ್ರೆ ಇನ್ನೂ ಓಡುತ್ತೆ, ಆದ್ರೆ ಆಯಸ್ಸು ಹೋಗುತ್ತೆ. ಅದನ್ನ ನಾನು ಮುಟ್ಟಲ್ಲ" ಎಂದಳು. "ಮಗ್ಗಕ್ಕೆ ಪುಲ್ಲಿ ಬದಲಾಯಿಸಿದ್ರೆ ಜೋರಾಗಿ ಓಡಲ್ವಾ? ಎಳೆ ಕಿತ್ತೋಗ್ದೆ ಓಡ್ಬೇಕು ಕಣೇ."

ಹಾಗೆಯೇ ಮಾಡಿದಳು. ವೇಗವನ್ನು ಒಂದು ಮೆಟ್ಟಿಲು ಏರಿಸುವುದು, ಇಡೀ ದಿನ ಯಂತ್ರಕ್ಕೆ ಬಿಡುವಿಲ್ಲದಂತೆ ಲೆಕ್ಕ ಮಾಡಿಸುವುದು, ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ಪಟ್ಟಿಗಳಿಗೆ ಬೆರಳು ತಾಗಿಸುವುದು. ಬಿಸಿ ತಾಳಿ ಬೆರಳು ನಿಂತರೆ ಸರಿ, ನಿಲ್ಲದಿದ್ದರೆ ಹಿಂದಿನ ಮೆಟ್ಟಿಲಿಗೆ. ನಾನು ಬಾಗಿಲಲ್ಲೇ ನಿಂತು ದೇವರನ್ನು ನೆನೆಯುತ್ತಿದ್ದೆ.

ಆಯುಧಪೂಜೆ ಬಂತು. ಅವತ್ತು ನಮ್ಮ ಮನೆಯಲ್ಲಿ ಒಂದು ಯಂತ್ರವೂ ಓಡಕೂಡದು. ಅಕ್ಕ ಯಂತ್ರಕ್ಕೆ ಒಡ್ಡಿದ್ದ ಪರೀಕ್ಷೆ ಮಾತ್ರ ಅರ್ಧದಲ್ಲಿತ್ತು, ನಿಲ್ಲಿಸಿದರೆ ಮೊದಲಿಂದ ಶುರುವಾಗಬೇಕು. ಪರದೆಯನ್ನಷ್ಟೇ ಆರಿಸಿ, ಪೆಟ್ಟಿಗೆಯನ್ನು ಓಡಲು ಬಿಟ್ಟು, ಒಬ್ಬಟ್ಟು ಬೇಯಿಸಲು ಹೋದಳು. ಅತ್ತೆ ಮಗ್ಗಗಳಿಗೆಲ್ಲ ಕುಂಕುಮವಿಟ್ಟು ಆ ಕೋಣೆಗೂ ಬಂದರು. ಮಗ್ಗದ ಸದ್ದಿಗೆ ಮಂದವಾದ ಅವರ ಕಿವಿಗೆ ಫ್ಯಾನು ಕೇಳಿಸಲಿಲ್ಲ. ಬಾಯಲ್ಲಿ ಬೈದರೂ ಒಳಗೆ ಅಭಿಮಾನವಿತ್ತೇನೋ, ಹೊಸ ರೇಷ್ಮೆ ಬಟ್ಟೆಯನ್ನು ಫ್ಯಾನಿನ ಜಾಲರಿಯೂ ಮುಚ್ಚುವಂತೆ ಪೆಟ್ಟಿಗೆಗೆ ಹೊದಿಸಿ, ಮೇಲೆ ಚೆಂಡು ಹೂವಿನ ಹಾರ ಹಾಕಿ ಹೋದರು.

ಸುಟ್ಟ ವಾಸನೆ ಬಂದದ್ದು ಒಬ್ಬಟ್ಟಿನದೆಂದೇ ನಾನು ತಿಳಿದೆ. ಅಕ್ಕ ಮಾತ್ರ ಲಟ್ಟಣಿಗೆ ಬಿಸುಟು ಓಡಿದಳು. ಪ್ಲಗ್ಗು ಕಿತ್ತು, ಬಟ್ಟೆ ಎಳೆದು, ಒಳಗೆ ಬೆರಳಿಟ್ಟಳು. ಚುರ್ ಎಂದಿತು. ಕೂಗಿಕೊಂಡವಳು ನಾನು, ಅವಳಲ್ಲ. ಬಟ್ಟೆಯನ್ನು ನನ್ನ ಕೈಗೆ ತುರುಕಿ "ಒಳಗಿಡು, ಯಾರಿಗೂ ಹೇಳ್ಬೇಡ" ಎಂದಳು.

ಅಷ್ಟರಲ್ಲಿ ಅಕ್ಕನ ಗಂಡ, ನಮ್ಮ ಭಾವ ಬಂದರು. "ಬಿಚ್ಬೇಡ ಅಂದ್ರೆ ಕೇಳಿದ್ಯಾ? ಹಾಳ್ಮಾಡ್ಬಿಟ್ಟೆ!"

"ಹೂಂ. ನಾನೇ ಒಂದು ಮೆಟ್ಟಿಲು ಜಾಸ್ತಿ ಹತ್ತಿಸ್ಬಿಟ್ಟೆ" ಎಂದಳು ಅಕ್ಕ.

ನಾನು ದಂಗಾದೆ. ಎಲ್ಲರ ಹಿಂದೆ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅವರಿಗೇನೂ ತಿಳಿಯಲಿಲ್ಲವೆಂದೇ ನಾವಿಬ್ಬರೂ ಅಂದುಕೊಂಡೆವು.

ಮರುದಿನ ಅಕ್ಕ ಟೋಪಿಯನ್ನು ಒಂದು ಮೆಟ್ಟಿಲು ಕೆಳಕ್ಕಿಳಿಸಿ ಗುಂಡಿ ಒತ್ತಿದಳು. ಯಂತ್ರ ಎದ್ದಿತು! ಆಮೇಲೆ ಒಂದು ದಿನವೂ ತಡವರಿಸಲಿಲ್ಲ. ವ್ಯಾಪಾರಿಗಳು ಮರಳಿದರು, ಕಂಡಿಕೆಯ ಮಾತು ಮತ್ತೆ ಏಳಲಿಲ್ಲ. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅಂಚು ಬರೆಯುವುದನ್ನು ಕಲಿಸಿದಳು.

ಕೆಲವು ವರ್ಷ ಕಳೆದು, ಆ ಯಂತ್ರ ಇನ್ನೂ ಓಡುತ್ತಿರುವಾಗಲೇ, ಒಂದು ಬೆಳಿಗ್ಗೆ ಸ್ನಾನಕ್ಕೆ ನೀರು ತೋಡುತ್ತ ಕುಸಿದ ಅಕ್ಕ ಏಳಲೇ ಇಲ್ಲ. ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಹೀಗೂ ಜನ ಹೋಗುತ್ತಾರೆಯೇ?

ಆ ವರ್ಷದ ಆಯುಧಪೂಜೆಗೆ ಅವಳ ಕುರ್ಚಿಯಲ್ಲಿ ನಾನಿದ್ದೆ. ಅತ್ತೆ ಬಂದು ಪೆಟ್ಟಿಗೆಗೆ ಕುಂಕುಮವಿಟ್ಟು, ಒಂದು ಹೂವನ್ನು ಮೇಲಿಟ್ಟರು. ಅದು ಜಾರಿ ಫ್ಯಾನಿನ ಜಾಲರಿಗೆ ಅಡ್ಡವಾಯಿತು. ನಾನು ಕೈ ಚಾಚುವ ಮೊದಲೇ ಅವರೇ ಅದನ್ನು ತೆಗೆದರು.

"ಅವತ್ತು ಬಟ್ಟೆ ಹೊದಿಸಿದ್ದು ನಾನು" ಎಂದರು. "ಗಂಡನ ಕೈಲಿ ಬೈಸ್ಕೊಂಡ್ಳೇ ಹೊರತು ನನ್ ಹೆಸರು ಎತ್ಲಿಲ್ಲ ಕಣಮ್ಮಾ."