ಲೈನಿನಲ್ಲಿ ಕಳೆದುಹೋದ ‘ಬ್ಯಾಡ’

2023ರ ಬೇಸಿಗೆಯಲ್ಲಿ ನಾನು ದೂರವಾಣಿ ಇಲಾಖೆಯಿಂದ ನಿವೃತ್ತನಾಗಿ, ರಾಯಚೂರಿನಲ್ಲಿ ನೆಟ್‌ವರ್ಕ್ ಸಲಹೆಗಾರನಾಗಿ ಕೆಲಸ ಮಾಡುತ್ತಿದ್ದೆ. ಆ ಬೇಸಿಗೆಯ ಸಿಟ್ಟು ನನಗಿನ್ನೂ ಇಳಿದಿಲ್ಲ. ಅದರಲ್ಲಿ ಅರ್ಧ ಒಬ್ಬ ಸಾಹುಕಾರರ ಮೇಲೆ, ಉಳಿದರ್ಧ ನನ್ನ ಮೇಲೆಯೇ.

ಸಾಹುಕಾರರದು ಪಶು ಔಷಧಿಯ ವ್ಯಾಪಾರ. ಮುಖ್ಯ ಕಚೇರಿ ರಾಯಚೂರಿನಲ್ಲಿ, ಶಾಖೆಗಳು ದೇವದುರ್ಗ ಮತ್ತು ಮಾನ್ವಿಯಲ್ಲಿ. ಹಳೆಯ ಫೋನುಗಳನ್ನು ತೆಗೆದು ಇಂಟರ್ನೆಟ್ ಮೂಲಕ ಮಾತಾಡುವ ಫೋನು ಹಾಕಿಸಲು ಹೊರಟಿದ್ದರು. ಅವರ ನೆಟ್‌ವರ್ಕ್ ಅದನ್ನು ತಡೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸಿ ವರದಿ ಕೊಡುವುದು ನನ್ನ ಕೆಲಸವಾಗಿತ್ತು.

“ಕೆಲಸದ ದಿನ ಬರಬ್ಯಾಡ್ರಿ, ವ್ಯಾಪಾರ ನಿಂತು ಹೋಗ್ತದ. ರಜಾ ದಿನ ಬಂದು ಮುಗಿಸ್ರಿ” ಎಂದರು ಸಾಹುಕಾರರು. ಮೂವತ್ತು ವರ್ಷ ಲೈನು ನೋಡಿದವನು ನಾನು. ಆಗುವುದಿಲ್ಲ ಎನ್ನಬೇಕಿತ್ತು. ತಲೆಯಾಡಿಸಿಬಿಟ್ಟೆ. ಮೂರೂ ಕಚೇರಿ ಖಾಲಿ ಇದ್ದ ದಿನ ಉಪಕರಣ ಹಚ್ಚಿ ಅಳೆದೆ. ಇಂಟರ್ನೆಟ್ ಫೋನು ನಮ್ಮ ಮಾತನ್ನು ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ತುಂಡರಿಸಿ ಕಳಿಸುತ್ತದೆ. ಒಂದೊಂದರಲ್ಲಿ ಇಪ್ಪತ್ತು ಮಿಲಿಸೆಕೆಂಡಿನಷ್ಟು ಮಾತು. ಅವತ್ತು ಒಂದು ಪ್ಯಾಕೆಟ್ಟೂ ಕಳೆಯಲಿಲ್ಲ, ಒಂದೂ ತಡವಾಗಲಿಲ್ಲ. ಗೋಡೆಯ ಮೇಲೆ ಕ್ಯಾಮೆರಾಗಳಿದ್ದವು. ಅವುಗಳ ರೆಕಾರ್ಡಿಂಗ್ ಆಯಾ ಶಾಖೆಯಲ್ಲೇ ಉಳಿಯುತ್ತದೆ, ಲೈನಿಗೆ ಬರುವುದಿಲ್ಲ ಎಂದರು ಸಾಹುಕಾರರು. ನಾನು ಮತ್ತೇನೂ ಕೇಳದೆ ವರದಿಯ ಕೊನೆಗೆ ‘ನೆಟ್‌ವರ್ಕ್ ಸಿದ್ಧ’ ಎಂದು ಬರೆದು ಸಹಿ ಹಾಕಿದೆ.

ಫೋನು ಹಾಕಿ ತಿಂಗಳೊಳಗೆ ಸಾಹುಕಾರರು ಮತ್ತೆ ಕರೆಸಿದರು. ಮಾನ್ವಿ ಕಡೆಯ ಕುರ್ಡಿ ಊರಿನ ಕುರಿಗಳಿಗೆಂದು ಇಟ್ಟಿದ್ದ ಲಸಿಕೆ ಹಾಳಾಗಿತ್ತು. ರಾಯಚೂರಿನಿಂದ ಬಸ್ಸಿಗೆ ಹಾಕಿದ ಡಬ್ಬಿಯನ್ನು ಇಳಿಸಿಕೊಳ್ಳಲು ಯಾರೂ ಬಂದಿರಲಿಲ್ಲ. ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಅದು ಸಂಜೆಯವರೆಗೂ ಬಿಸಿಲಲ್ಲಿ ಬಿದ್ದಿತ್ತು. ಮರುದಿನ ಕುರಿ ಮೇಯಿಸಲು ಬಿಡದೆ ಹಟ್ಟಿಯಲ್ಲೇ ಕೂಡಿಹಾಕಿಕೊಂಡು ಲಸಿಕೆಗೆ ಕಾದ ಕುರಿಗಾರರು ಬಾಯಿಗೆ ಬಂದಂತೆ ಬೈದಿದ್ದರು.

“ಮಾನ್ವಿ ರೆಹಾನಾ ಮಾಡಿದ ಕೆಲಸ ಇದು. ತಾನ ಕಳಸ್ರಿ ಅಂದು, ಈಗ ಕಳಸಬ್ಯಾಡ್ರಿ ಅಂದಿದ್ದೆ ಅಂತಾಳ. ಆ ಕರೆಯ ರೆಕಾರ್ಡಿಂಗ್ ತಗದು ಕೊಡ್ರಿ” ಎಂದರು.

ರೆಹಾನಾ ಬೇಗಂ ಮಾನ್ವಿ ಶಾಖೆಯಲ್ಲಿ ಏಳು ವರ್ಷದಿಂದ ಫೋನು, ದಾಸ್ತಾನು ಎರಡನ್ನೂ ನೋಡಿಕೊಳ್ಳುತ್ತಿದ್ದವರು. ಫೋನಿನಲ್ಲಿ ಒಂದೇ ಮಾತು ಆಡಿ ಇಡಬೇಕು ಎನ್ನುವುದು ಸಾಹುಕಾರರ ಕಟ್ಟಪ್ಪಣೆ. ಹಾಗಾಗಿ ಕಾರಣ ಹೇಳುವ ಪದ್ಧತಿಯೇ ಅಲ್ಲಿರಲಿಲ್ಲ. ರಾಯಚೂರಿನ ಯಂತ್ರದಲ್ಲಿ ಉಳಿದಿದ್ದ ಕರೆಯ ರೆಕಾರ್ಡಿಂಗ್ ತೆಗೆದೆ. ಸ್ಪಷ್ಟವಾಗಿಯೇ ಕೇಳಿಸಿತು: “ಕುರ್ಡಿ ಲಸಿಕಿ ಇವತ್ತ ಕಳಸ್ರಿ.” ರಾಯಚೂರಿನ ಗುಮಾಸ್ತ “ಆತ್ರಿ” ಎನ್ನುತ್ತಾನೆ. ಅಷ್ಟೇ.

ಸಾಹುಕಾರರು ಮೇಜು ಗುದ್ದಿದರು. “ಕೇಳಿದ್ರಿಲ್ಲ? ಅವರ ಮನ್ಯಾಗಿನ ಮಾತು ಬ್ಯಾರೆ. ಕನ್ನಡ ನೆಟ್ಟಗ ಬರಂಗಿಲ್ಲ. ತಪ್ಪಾತು ಅಂತ ಬರಸಿಕೊಂಡೀನಿ. ಶನಿವಾರ ಆಕಿ ಕೆಲಸದ ಕಡೀ ದಿನ.”

ನನ್ನ ಮೈ ಉರಿದುಹೋಯಿತು. ಮನೆಯಲ್ಲಿ ದಖ್ಖನಿ ಉರ್ದು ಆಡುವವರು ನಮ್ಮ ಬಜಾರಿನಲ್ಲಿ ಕನ್ನಡದಲ್ಲೇ ವ್ಯಾಪಾರ ಮಾಡುತ್ತಾರೆ. ಏಳು ವರ್ಷ ಬಂದ ಕನ್ನಡ ಒಂದು ಡಬ್ಬಿ ಹಾಳಾದ ಕೂಡಲೇ ಬಾರದೆ ಹೋಯಿತೇ? ಆದರೆ ನನ್ನದೇ ಕಿವಿ ‘ಕಳಸ್ರಿ’ ಎಂದು ಕೇಳಿತ್ತಲ್ಲ! ಬೆಳಿಗ್ಗೆ ಹನ್ನೊಂದು ದಾಟಿದಾಗಿನ ಆ ಕರೆಯ ಲೆಕ್ಕವನ್ನು ತೆರೆದು ನೋಡಿದೆ. ಪ್ರತಿ ಪ್ಯಾಕೆಟ್ಟಿಗೂ ಒಂದು ಕ್ರಮಸಂಖ್ಯೆ ಇರುತ್ತದೆ. ಮಾನ್ವಿಯಿಂದ ಬಂದವುಗಳಲ್ಲಿ ಒಂದೇ ಕಡೆ ಹದಿಮೂರು ಸಂಖ್ಯೆ ಇರಲಿಲ್ಲ. ಕಾಲು ಸೆಕೆಂಡು ಮಾತು ದಾರಿಯಲ್ಲೇ ಸತ್ತಿತ್ತು. ರಾಯಚೂರಿನಿಂದ ಹೋದ “ಆತ್ರಿ” ಮಾತ್ರ ಇಡಿಯಾಗಿ ತಲುಪಿತ್ತು.

ಮರುದಿನ ಬೆಳಿಗ್ಗೆಯೇ ಮಾನ್ವಿಗೆ ಹೋದೆ. ರೆಹಾನಾ ನನ್ನನ್ನು ಕೂರಿಸಿ, ತಾವು ನಿಂತೇ ಮಾತಾಡಿದರು.

“ಫ್ರಿಜ್ ಕೆಟ್ಟಿತ್ರಿ ಸರ್. ಲಸಿಕಿ ಇಡಾಕ ತಂಪು ಜಾಗ ಇರಲಿಲ್ಲ, ಮರುದಿನ ಮುಂಜಾನಿ ತರಸಿದ್ರಾತು ಅಂತ ಬ್ಯಾಡ ಅಂದೆ. ನನ್ನ ಬಾಯಾಗ ಏನು ಬಂತು ನನಗ ಗೊತ್ತಿಲ್ಲೇನ್ರಿ?”

“ಲೈನು ಯಾವಾಗ ಕೆಡ್ತದಮ್ಮ? ದಿನಾನೂ ಏನು?”

“ಹನ್ನೊಂದಕ್ಕ ನೆಟ್ ಮೆತ್ತಗಾಗ್ತದ್ರಿ. ಆವಾಗ ನಾವು ‘ಸಾಹುಕಾರ್ರು ಕುಂತ್ರು’ ಅಂತೀವಿ. ಅವರ ಟಿವಿಯಾಗ ನಾವೆಲ್ಲಾ ಕಾಣಾಕತ್ತೀವಿ ಅಂತ ತಿಳ್ಕೊಂಡು ಎಲ್ಲಾರೂ ನೆಟ್ಟಗ ಕುಂದರ್ತೀವಿ. ದೇವದುರ್ಗದಾಗೂ ಹಿಂಗ ಅಂತಾರ.”

“ಇದನ್ನ ಮೊದಲ ಹೇಳಬಾರದಿತ್ತೇನಮ್ಮ?”

“ಯಾರು ಕೇಳಿದ್ರಿ ಸರ್? ನೀವು ಬಂದಾಗ ನಮಗ ರಜಾ ಇತ್ತಲ್ರಿ.”

ನಾನು ಎದ್ದು ಕ್ಯಾಮೆರಾಗಳ ಪೆಟ್ಟಿಗೆ ತೆರೆದು ನೋಡಿದೆ.

ಕ್ಯಾಮೆರಾದ ರೆಕಾರ್ಡಿಂಗ್ ಶಾಖೆಯಲ್ಲೇ ಉಳಿಯುತ್ತಿದ್ದುದು ನಿಜ. ಆದರೆ ಸಾಹುಕಾರರು ತಮ್ಮ ಕೋಣೆಯಲ್ಲಿ ಟಿವಿ ಹಾಕಿದ ಕೂಡಲೇ ಎಂಟು ಕ್ಯಾಮೆರಾಗಳ ಚಿತ್ರ ಮಾನ್ವಿಯ ಲೈನಿಗೆ ಒಮ್ಮೆಲೇ ನುಗ್ಗುತ್ತಿತ್ತು. ಹೊರಹೋಗುವ ದಾರಿ ಇದ್ದದ್ದು ಹತ್ತು ಎಂಬಿಪಿಎಸ್ ಅಗಲ. ಚಿತ್ರ ಕೇಳುತ್ತಿದ್ದದ್ದು ಹದಿನಾರು. ಮಾತಿಗೆ ಜಾಗವೆಲ್ಲಿ? ಮೇಲಿಂದ ಈ ಫೋನುಗಳು ಹರಿದ ಕಡೆ ತಾವೇ ತೇಪೆ ಹಾಕಿ ಎರಡು ತುದಿ ಕೂಡಿಸುತ್ತವೆ. ಹಾಗಾಗಿ ಮಾತು ಕಡಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಕನ್ನಡದಲ್ಲಿ ಬೇಡವೆನ್ನುವುದು ಮಾತಿನ ಬಾಲದಲ್ಲಿ ಬರುತ್ತದೆ. ‘ಕಳಸಬ್ಯಾಡ್ರಿ’ಯಲ್ಲಿ ‘ಬ್ಯಾಡ್’ ಅನ್ನು ಕಿತ್ತರೆ ಉಳಿಯುವುದು ‘ಕಳಸ್ರಿ’.

ಶುಕ್ರವಾರ ಹನ್ನೊಂದಕ್ಕೆ ಸಾಹುಕಾರರ ಕೋಣೆಯಲ್ಲಿ ಕೂತೆ. ಟಿವಿಯಲ್ಲಿ ರೆಹಾನಾ ಕಾಣುತ್ತಿದ್ದರು. ಸ್ಪೀಕರ್ ಹಾಕಿ ಫೋನು ಮಾಡಿ, ಅವತ್ತಿನ ಮಾತನ್ನೇ ಹತ್ತು ಸಲ ಹೇಳಿ ಎಂದೆ. ಕೆಲವು ಸಲ ಸರಿಯಾಗಿ ಬಂತು, ಕೆಲವು ಸಲ ಕಡಿದು ಬಂತು. ಏಳನೆಯ ಸಲ ಕೋಣೆಯೆಲ್ಲಾ ಕೇಳುವಂತೆ ಬಂತು: “ಕುರ್ಡಿ ಲಸಿಕಿ ಇವತ್ತ ಕಳಸ್ರಿ.” ಟಿವಿ ಆರಿಸಿದೆ. ಮತ್ತೆ ಹತ್ತು ಸಲ ಹೇಳಿಸಿದೆ. ಹತ್ತೂ ಸಲ ‘ಕಳಸಬ್ಯಾಡ್ರಿ’.

ಸಾಹುಕಾರರು ಆಡಿದ ಮೊದಲ ಮಾತು: “ಹಂಗಾರ ನಾ ಟಿವಿ ನೋಡಬಾರದೇನ್ರಿ? ನೋಡದಿದ್ರ ಇವರು ಕೆಲಸ ಮಾಡ್ತಾರೇನು?”

ಜೀವಮಾನದಲ್ಲಿ ಗಿರಾಕಿಯ ಮೇಲೆ ದನಿ ಏರಿಸಿದ್ದು ನಾನು ಅದೊಂದೇ ಸಲ. “ಆಕಿ ಮಾತಾಡೋವಾಗ ನೀವು ನೋಡಾಕತ್ತಿದ್ರಿ ಸಾಹುಕಾರ್ರ! ನೀವು ನೋಡಿದ್ದಕ್ಕ ಆಕಿ ಮಾತು ಸತ್ತದ. ಬರಸಿಕೊಂಡ ಚೀಟಿ ತಗೀರಿ ಹೊರಗ.”

ಚೀಟಿ ಹೊರಬಂತು. ಕ್ಷಮೆ ಬರಲಿಲ್ಲ. ಸಂಜೆ ಅದನ್ನು ನಾನೇ ಮಾನ್ವಿಗೆ ಒಯ್ದು ಕೊಟ್ಟೆ. ರೆಹಾನಾ ಓದದೆಯೇ ನಾಲ್ಕು ಚೂರು ಮಾಡಿದರು. ಅವರ ಕೆಲಸ ಉಳಿಯಿತು. ಲೈನಿನಲ್ಲಿ ಮಾತಿಗೆ ಮೊದಲ ದಾರಿ, ಚಿತ್ರಕ್ಕೆ ಆಮೇಲಿನ ದಾರಿ ಎಂದು ನಾನು ಕಟ್ಟುಮಾಡಿದೆ. ಅರ್ಧ ದಿನದ ಕೆಲಸ ಅದು. ಮೊದಲೇ ಮಾಡಬಹುದಿತ್ತು.

ಅಂದಿನಿಂದ ಕೆಲಸದ ದಿನವಲ್ಲದೆ ಯಾವ ನೆಟ್‌ವರ್ಕನ್ನೂ ನಾನು ಅಳೆದಿಲ್ಲ. ಉಪಕರಣ ಹಚ್ಚುವ ಮೊದಲು ಆ ಫೋನಿನಲ್ಲಿ ದಿನವೂ ಮಾತಾಡುವವರ ಎದುರು ಕೂತು ಕೇಳುತ್ತೇನೆ.

ಆ ಶುಕ್ರವಾರ ರಾತ್ರಿ ಮನೆಗೆ ಬಂದು ನನ್ನ ಹಳೆಯ ವರದಿ ತೆಗೆದೆ. ‘ನೆಟ್‌ವರ್ಕ್ ಸಿದ್ಧ.’ ರೆಹಾನಾರ ‘ಬ್ಯಾಡ’ವನ್ನು ನುಂಗಿದ್ದು ಲೈನು. ಈ ಮಾತಿನ ಬಾಲವನ್ನು ನುಂಗಿದವನು ನಾನೇ. ಪೆನ್ನು ತೆಗೆದುಕೊಂಡು, ‘ಸಿದ್ಧ’ದ ಮುಂದೆ, ಸಹಿಯ ಮೇಲೆಯೇ, ಅಲ್ಲಿ ಮೊದಲೇ ಇರಬೇಕಿದ್ದ ‘ಇಲ್ಲ’ವನ್ನು ಬರೆದೆ.